‘ನಕಲಿ ವೈದ್ಯೆ’ ಎಂದು ದೂರು ಕೊಟ್ಟರು, ಡಾಕ್ಟರೇಟ್ ಪಡೆದು ಉತ್ತರ ಕೊಟ್ಟರು: ಜರ್ಮನಿಯ ಮೊದಲ ವೈದ್ಯೆ ಡೊರೊಥಿಯಾ ಎರ್ಕ್ಸ್ಲೆಬೆನ್ ಯಾರು?

1753ರ ಫೆಬ್ರವರಿ ತಿಂಗಳು. ಜರ್ಮನಿಯ ಹಾರ್ಜ್ ಬೆಟ್ಟಗಳ ತಪ್ಪಲಿನಲ್ಲಿರುವ ಕ್ವೆಡ್ಲಿನ್‌ಬರ್ಗ್ ಎಂಬ ಪುಟ್ಟ ಊರಿನಲ್ಲಿ ಮೂವರು ವೈದ್ಯರು ಒಟ್ಟಾಗಿ ಅಧಿಕಾರಿಗೆ ಒಂದು ದೂರು ಕೊಟ್ಟರು. ಊರಿನಲ್ಲಿ ಒಬ್ಬ ಹೆಂಗಸು ಪದವಿ ಇಲ್ಲದೆ ರೋಗಿಗಳನ್ನು ನೋಡುತ್ತಿದ್ದಾಳೆ, ಔಷಧ ಕೊಡುತ್ತಿದ್ದಾಳೆ, ಸಾಲದ್ದಕ್ಕೆ ತನ್ನನ್ನು ಡಾಕ್ಟರ್ ಎಂದು ಕರೆಸಿಕೊಳ್ಳುತ್ತಿದ್ದಾಳೆ ಎಂಬುದು ದೂರಿನ ಸಾರ. ಆಕೆ ನೋಡುತ್ತಿದ್ದ ರೋಗಿಯೊಬ್ಬರು ತೀರಿಕೊಂಡಿದ್ದು ದೂರಿಗೆ ಇನ್ನಷ್ಟು ಬಲ ಕೊಟ್ಟಿತ್ತು.

ಇಂದಿನ ಸುದ್ದಿಯ ಭಾಷೆಯಲ್ಲಿ ಹೇಳುವುದಾದರೆ, ‘ನಕಲಿ ವೈದ್ಯೆ ವಿರುದ್ಧ ದೂರು’.

ದೂರಿಗೆ ಒಳಗಾದವರ ಹೆಸರು ಡೊರೊಥಿಯಾ ಕ್ರಿಸ್ಟಿಯಾನಾ ಎರ್ಕ್ಸ್ಲೆಬೆನ್. ವಯಸ್ಸು 37. ಚರ್ಚ್ ಒಂದರ ಧರ್ಮಸೇವಕರ ಪತ್ನಿ, ಮನೆ ತುಂಬ ಮಕ್ಕಳು, ಜೊತೆಗೆ ಆಗ ತುಂಬು ಗರ್ಭಿಣಿ. ಅಧಿಕಾರಿಗಳ ಕೈಕಾಲು ಹಿಡಿದು ಕ್ಷಮೆ ಕೇಳಿ ಸುಮ್ಮನಾಗುವ ದಾರಿ ಅವರಿಗಿತ್ತು. ಅವರು ಆ ದಾರಿ ಹಿಡಿಯಲಿಲ್ಲ. ನನ್ನ ವಿದ್ಯೆಯ ಬಗ್ಗೆ ಅನುಮಾನವಿದ್ದರೆ ಪರೀಕ್ಷೆ ಮಾಡಿ ಎಂದರು. ಮರುವರ್ಷ, 1754ರ ಜೂನ್ 12ರಂದು, ಹಾಲೆ ವಿಶ್ವವಿದ್ಯಾಲಯ ಅವರಿಗೆ ವೈದ್ಯಕೀಯ ಡಾಕ್ಟರೇಟ್ ನೀಡಿತು. ಜರ್ಮನಿಯಲ್ಲಿ ಈ ಪದವಿ ಪಡೆದ ಮೊದಲ ಮಹಿಳೆ ಅವರೇ.

ಮೊದಲ ಮಹಿಳೆ ಎಂಬಲ್ಲಿಗೆ ಈ ಕಥೆ ಮುಗಿಯುವುದಿಲ್ಲ. ಹಾಲೆ ವಿಶ್ವವಿದ್ಯಾಲಯ ಇನ್ನೊಬ್ಬ ಮಹಿಳೆಯನ್ನು ವೈದ್ಯೆಯಾಗಿ ಕಳುಹಿಸಿಕೊಡಲು ಸುಮಾರು ಒಂದೂವರೆ ಶತಮಾನ ಬೇಕಾಯಿತು. ಹಾಗಾದರೆ ಒಮ್ಮೆ ತೆರೆದ ಬಾಗಿಲು ಮತ್ತೆ ಮುಚ್ಚಿದ್ದು ಹೇಗೆ?

ಆಗ ವೈದ್ಯರು ಎಂದರೆ ಯಾರು?

18ನೇ ಶತಮಾನದ ಜರ್ಮನಿ ಇಂದಿನಂತೆ ಒಂದೇ ದೇಶವಾಗಿರಲಿಲ್ಲ. ನೂರಾರು ಸಣ್ಣ ದೊಡ್ಡ ಸಂಸ್ಥಾನಗಳ ಗುಂಪು ಅದು. ಪ್ರಷ್ಯ ಅವುಗಳಲ್ಲಿ ಬಲಿಷ್ಠ ರಾಜ್ಯ.

ಚಿಕಿತ್ಸೆ ನೀಡುವವರಲ್ಲೂ ಮೇಲು ಕೆಳಗಿನ ಶ್ರೇಣಿ ಇತ್ತು. ಎಲ್ಲರಿಗಿಂತ ಮೇಲೆ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಓದಿದ ವೈದ್ಯರು. ಅವರ ಕೆಳಗೆ ಗಾಯ ಹೊಲಿಯುವ, ಕುರು ಕತ್ತರಿಸುವ, ಮೂಳೆ ಕೂಡಿಸುವ ಶಸ್ತ್ರಚಿಕಿತ್ಸಕರು. ಇವರಲ್ಲಿ ಅನೇಕರು ಕ್ಷೌರಿಕ ವೃತ್ತಿಯವರೇ. ಔಷಧ ತಯಾರಿಸುವವರು ಬೇರೆ, ಹೆರಿಗೆ ಮಾಡಿಸುವ ಸೂಲಗಿತ್ತಿಯರು ಬೇರೆ. ಮನೆಮದ್ದು ಕೊಡುವ ಹೆಂಗಸರು, ಊರೂರು ಸುತ್ತುತ್ತ ಸರ್ವರೋಗಕ್ಕೂ ಒಂದೇ ಔಷಧ ಮಾರುವವರು ಇವರೆಲ್ಲರ ಹೊರಗಿದ್ದರು.

ಹೀಗಾಗಿ ರೋಗಿಯ ಹಾಸಿಗೆಯ ಪಕ್ಕದಲ್ಲಿ ಹೆಂಗಸರು ಇರಲೇ ಇಲ್ಲ ಎಂದಲ್ಲ. ಸೂಲಗಿತ್ತಿಯಾಗಿ, ಆರೈಕೆ ಮಾಡುವವರಾಗಿ, ಮದ್ದು ಅರೆಯುವವರಾಗಿ ಅವರು ಎಲ್ಲೆಡೆ ಇದ್ದರು. ಅವರಿಗೆ ಇಲ್ಲದಿದ್ದದ್ದು ರೋಗ ಯಾವುದು ಎಂದು ನಿರ್ಧರಿಸಿ ಔಷಧದ ಚೀಟಿ ಬರೆಯುವ ಅಧಿಕಾರ. ಆ ಅಧಿಕಾರ ಪದವಿಯಿಂದ ಬರುತ್ತಿತ್ತು. ಪದವಿ ಬೇಕಾದರೆ ವಿಶ್ವವಿದ್ಯಾಲಯಕ್ಕೆ ಹೋಗಬೇಕು, ಅಲ್ಲಿ ಓದುತ್ತಿದ್ದವರೆಲ್ಲ ಗಂಡಸರು.

ಪ್ರಷ್ಯದಲ್ಲಿ 1725ರ ವೈದ್ಯಕೀಯ ಶಾಸನ ಈ ಗಡಿಯನ್ನು ಮತ್ತಷ್ಟು ಬಿಗಿ ಮಾಡಿತ್ತು. ಚಿಕಿತ್ಸೆ ನೀಡುವವರು ಸರ್ಕಾರದ ಮಾನ್ಯತೆ ಪಡೆದಿರಬೇಕು ಎಂಬುದು ಅದರ ತಿರುಳು. ರೋಗಿಗಳನ್ನು ಮೋಸಗಾರರಿಂದ ಕಾಪಾಡುವುದು ಅದರ ಒಳ್ಳೆಯ ಉದ್ದೇಶ. ಆದರೆ ಅದೇ ಕಾನೂನು, ವಿದ್ಯೆ ಇದ್ದೂ ಪದವಿಯ ಬಾಗಿಲು ಮುಚ್ಚಿದ್ದವರನ್ನು ಮೋಸಗಾರರ ಸಾಲಿಗೇ ಸೇರಿಸುತ್ತಿತ್ತು.

ಕ್ವೆಡ್ಲಿನ್‌ಬರ್ಗ್ ಊರಿನದ್ದು ಇದರಲ್ಲೊಂದು ವಿಚಿತ್ರ ಪರಿಸ್ಥಿತಿ. 936ರಲ್ಲಿ ಸ್ಥಾಪನೆಯಾದ ಮಹಿಳಾ ಮಠವೇ ಈ ಊರಿನ ಒಡೆತನ ಹೊಂದಿತ್ತು. ಮಠದ ಮುಖ್ಯಸ್ಥೆಯೇ ಇಲ್ಲಿನ ಆಡಳಿತಗಾರ್ತಿ. ಡೊರೊಥಿಯಾ ಕಾಲಕ್ಕೆ ಪ್ರಷ್ಯದ ರಾಜ ಇದರ ರಕ್ಷಕನಾಗಿದ್ದ, ಅವನ ಪರವಾಗಿ ಒಬ್ಬ ಅಧಿಕಾರಿ ಊರಿನಲ್ಲಿರುತ್ತಿದ್ದ. ಅಂದರೆ ಎಂಟು ಶತಮಾನ ಹೆಂಗಸರೇ ಆಳಿದ ಊರಿನಲ್ಲಿ ಒಬ್ಬ ಹೆಂಗಸು ಜ್ವರಕ್ಕೆ ಔಷಧ ಬರೆದದ್ದು ಅಪರಾಧವಾಯಿತು.

ಮನೆಯೇ ಮೆಡಿಕಲ್ ಕಾಲೇಜು

ಡೊರೊಥಿಯಾ ಹುಟ್ಟಿದ್ದು 1715ರ ನವೆಂಬರ್ 13ರಂದು. ತಂದೆ ಕ್ರಿಸ್ಟಿಯಾನ್ ಪಾಲಿಕಾರ್ಪ್ ಲೆಪೊರಿನ್ ಊರಿನ ವೈದ್ಯರು. ಬಾಲ್ಯದಲ್ಲಿ ಡೊರೊಥಿಯಾಗೆ ಆರೋಗ್ಯ ಚೆನ್ನಾಗಿರಲಿಲ್ಲ. ತಂದೆ ಮಗನಿಗೆ ಮನೆಯಲ್ಲೇ ಪಾಠ ಹೇಳುವಾಗ ಕಾಯಿಲೆಯ ಹುಡುಗಿಯೂ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ಮಗಳು ಬೇಗ ಕಲಿಯುತ್ತಿದ್ದಾಳೆ ಎಂಬುದು ತಂದೆಯ ಗಮನಕ್ಕೆ ಬಂತು. ಅಲ್ಲಿಂದ ಮುಂದೆ ಮಗನಿಗೆ ಹೇಳಿದ ಪಾಠವೆಲ್ಲ ಮಗಳಿಗೂ ಸಿಕ್ಕಿತು.

ಲ್ಯಾಟಿನ್ ಬಾರದಿದ್ದರೆ ಆ ಕಾಲದ ವೈದ್ಯಕೀಯ ಪುಸ್ತಕದ ಒಂದು ಪುಟವೂ ತಲೆಗೆ ಹತ್ತುತ್ತಿರಲಿಲ್ಲ. ಊರಿನ ಶಾಲೆಯ ಮುಖ್ಯಸ್ಥರಾಗಿದ್ದ ಟೋಬಿಯಾಸ್ ಎಕ್‌ಹಾರ್ಡ್ ಆಕೆಯ ಲ್ಯಾಟಿನ್ ಕಲಿಕೆಗೆ ನೆರವಾದರು. ತಂದೆ ರೋಗಿಗಳನ್ನು ನೋಡಲು ಹೊರಟಾಗ ಮಗಳೂ ಜೊತೆಗೆ ಹೋಗುತ್ತಿದ್ದಳು. ಹೀಗೆ ಪುಸ್ತಕದ ಪಾಠ, ಅನುಭವದ ಪಾಠ ಎರಡೂ ಸೇರಿದವು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಡೊರೊಥಿಯಾ ತಾನೇ ತಾನಾಗಿ ಬೆಳೆದ ಪವಾಡವಲ್ಲ. ಮನಸ್ಸು ಮಾಡಿದ ತಂದೆ, ಕಲಿಸಲು ಒಪ್ಪಿದ ಮೇಷ್ಟರು, ಮನೆಯಲ್ಲಿದ್ದ ಪುಸ್ತಕಗಳು ಇವೆಲ್ಲ ಒಟ್ಟಿಗೆ ಸಿಕ್ಕ ಅಪರೂಪದ ಹುಡುಗಿ. ಪಕ್ಕದ ಬೀದಿಯ ಹುಡುಗಿಗೆ ಇಷ್ಟೇ ಬುದ್ಧಿ ಇದ್ದರೂ ಇವು ಯಾವುವೂ ಸಿಗುತ್ತಿರಲಿಲ್ಲ.

ರಾಜನಿಗೆ ಹೋದ ಅರ್ಜಿ

ತಮ್ಮನಿಗೆ ಹಾಲೆ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುವ ಅವಕಾಶವಿತ್ತು. ಆದರೆ ಅವನು ಪ್ರಷ್ಯದ ಸೇನೆಗೆ ಸೇರಬೇಕಾಗಿ ಬಂದು ಓದಿಗೆ ಅಡ್ಡಿಯಾಗಿತ್ತು. 1740ರಲ್ಲಿ ಹೊಸ ರಾಜ ಎರಡನೇ ಫ್ರೆಡರಿಕ್ ಪಟ್ಟಕ್ಕೆ ಬಂದ. ಓದು, ಸಂಗೀತ, ತತ್ವಶಾಸ್ತ್ರದಲ್ಲಿ ಆಸಕ್ತಿ ಇದ್ದ ಯುವ ರಾಜ. ಡೊರೊಥಿಯಾ ಇದೇ ಸರಿಯಾದ ಸಮಯ ಎಂದುಕೊಂಡು ಅರ್ಜಿ ಸಲ್ಲಿಸಿದರು. ತಮ್ಮನಿಗೆ ಸೇನೆಯಿಂದ ಬಿಡುವು ಕೊಡಬೇಕು, ತನಗೂ ಅವನ ಜೊತೆ ಹಾಲೆಯಲ್ಲಿ ಓದಲು ಅನುಮತಿ ಬೇಕು ಎಂಬುದು ಕೋರಿಕೆ.

1741ರ ಏಪ್ರಿಲ್‌ನಲ್ಲಿ ಉತ್ತರ ಬಂತು. ರಾಜನ ಒಪ್ಪಿಗೆ ಸಿಕ್ಕಿತ್ತು.

ಆದರೆ ಅಷ್ಟರಲ್ಲಿ ಪ್ರಷ್ಯ ಸೈಲೀಷಿಯಾ ಪ್ರಾಂತ್ಯಕ್ಕಾಗಿ ಆಸ್ಟ್ರಿಯಾ ಜೊತೆ ಯುದ್ಧಕ್ಕೆ ಇಳಿದಿತ್ತು. ಸೇನೆಯಿಂದ ಮತ್ತೆ ಕರೆ ಬಂದಾಗ ತಮ್ಮ ತಲೆಮರೆಸಿಕೊಂಡ. 18ನೇ ಶತಮಾನದಲ್ಲಿ ಮದುವೆಯಾಗದ ಹೆಣ್ಣುಮಗಳೊಬ್ಬಳು ಪರ ಊರಿನಲ್ಲಿ ಒಬ್ಬಳೇ ನೆಲೆಸಿ, ಗಂಡಸರೇ ತುಂಬಿದ ತರಗತಿಗೆ ಹೋಗುವುದು ನೆನೆಸಿಕೊಳ್ಳಲೂ ಕಷ್ಟ. ರಾಜನ ಅನುಮತಿ ಪತ್ರ ಕೈಯಲ್ಲಿದ್ದರೂ ಡೊರೊಥಿಯಾ ಹಾಲೆಗೆ ಹೋಗಲು ಆಗಲಿಲ್ಲ.

‘ಹೆಂಗಸರು ಯಾಕೆ ಓದುತ್ತಿಲ್ಲ?’

ಓದಲು ಹೋಗಲಾಗದ ಡೊರೊಥಿಯಾ, ಹೆಂಗಸರು ಓದದಂತೆ ತಡೆಯುತ್ತಿರುವ ಕಾರಣಗಳ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದರು. 1742ರಲ್ಲಿ ಬರ್ಲಿನ್‌ನಲ್ಲಿ ಅಚ್ಚಾದ ಈ ಪುಸ್ತಕದ ಶೀರ್ಷಿಕೆಯನ್ನು ಕನ್ನಡದಲ್ಲಿ ‘ಸ್ತ್ರೀಯರನ್ನು ವಿದ್ಯಾಭ್ಯಾಸದಿಂದ ದೂರವಿಡುವ ಕಾರಣಗಳ ಕೂಲಂಕಷ ಪರಿಶೀಲನೆ’ ಎನ್ನಬಹುದು. ಮುನ್ನುಡಿ ಬರೆದವರು ತಂದೆ.

ಪುಸ್ತಕದ ಕ್ರಮ ವೈದ್ಯರು ರೋಗಿಯನ್ನು ನೋಡುವ ಕ್ರಮದಂತೆಯೇ ಇದೆ. ಲಕ್ಷಣ ಕಣ್ಣೆದುರಿಗಿದೆ: ಹೆಂಗಸರು ಓದುತ್ತಿಲ್ಲ. ಕಾರಣ ಏನು? ಜನ ಕೊಡುವ ಒಂದೊಂದೇ ಉತ್ತರವನ್ನು ಎತ್ತಿಕೊಂಡು ಅದು ನಿಲ್ಲುತ್ತದೆಯೇ ಎಂದು ಅವರು ಪರೀಕ್ಷಿಸುತ್ತಾರೆ.

ಹೆಂಗಸರಿಗೆ ಅಷ್ಟು ಬುದ್ಧಿ ಇಲ್ಲ ಎನ್ನುವವರಿಗೆ ಅವರ ಉತ್ತರ, ಅರಿಯುವ ಶಕ್ತಿಯನ್ನು ದೇವರು ಇಬ್ಬರಿಗೂ ಕೊಟ್ಟಿದ್ದಾನೆ, ಕೊಟ್ಟದ್ದನ್ನು ಬಳಸದೆ ಬಿಡುವುದೇ ತಪ್ಪು ಎಂಬುದು. ಹೆಂಗಸರಿಗೆ ಅಧಿಕಾರದ ಹುದ್ದೆಯೇ ಸಿಗುವುದಿಲ್ಲ, ಓದಿ ಏನು ಪ್ರಯೋಜನ ಎನ್ನುವುದನ್ನೂ ಅವರು ಒಪ್ಪುವುದಿಲ್ಲ. ವಿದ್ಯೆಯ ಫಲ ಹುದ್ದೆಯೊಂದೇ ಅಲ್ಲ ಎನ್ನುತ್ತಾರೆ. ಓದಿದರೆ ಮನೆಗೆಲಸ ಕೆಡುತ್ತದೆ, ಜಂಬ ಬರುತ್ತದೆ ಎಂಬ ಮಾತುಗಳನ್ನೂ ಹೀಗೆಯೇ ಒರೆಗೆ ಹಚ್ಚುತ್ತಾರೆ.

ಅವರು ಹೆಂಗಸರನ್ನೂ ಬಿಡುವುದಿಲ್ಲ ಎಂಬುದು ಈ ಪುಸ್ತಕದ ವಿಶೇಷ. ಮನೆಗೆಲಸದ ನೆಪ ಹೇಳಿ ಓದಿನ ಕಷ್ಟದಿಂದ ತಪ್ಪಿಸಿಕೊಳ್ಳುವವರೂ ಇದ್ದಾರೆ ಎಂದು ನೇರವಾಗಿ ಬರೆಯುತ್ತಾರೆ. ಬೈಯುವುದಾಗಲಿ ಮೊರೆಯಿಡುವುದಾಗಲಿ ಇಲ್ಲಿಲ್ಲ, ಇರುವುದು ತರ್ಕ ಮಾತ್ರ. 1749ರಲ್ಲಿ ಇದೇ ಪುಸ್ತಕ ಬೇರೆ ಶೀರ್ಷಿಕೆಯಲ್ಲಿ ಮತ್ತೆ ಅಚ್ಚಾಯಿತು, ಆದರೆ ಅದರ ಮೇಲೆ ಅವರ ಹೆಸರೇ ಇರಲಿಲ್ಲ.

ಒಂಬತ್ತು ಮಕ್ಕಳ ಮನೆ, ಊರು ತುಂಬ ರೋಗಿಗಳು

ಪುಸ್ತಕ ಬಂದ ವರ್ಷವೇ ಮದುವೆಯೂ ಆಯಿತು. ವರ ಯೋಹಾನ್ ಕ್ರಿಸ್ಟಿಯಾನ್ ಎರ್ಕ್ಸ್ಲೆಬೆನ್, ಊರಿನ ಚರ್ಚ್‌ನಲ್ಲಿ ಸೇವೆಯಲ್ಲಿದ್ದವರು. ಪತ್ನಿ ತೀರಿಕೊಂಡು ಐದು ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಮದುವೆಯ ದಿನವೇ ಡೊರೊಥಿಯಾ ಐದು ಮಕ್ಕಳ ತಾಯಿಯಾದರು. ಮುಂದೆ ಅವರಿಗೇ ನಾಲ್ಕು ಮಕ್ಕಳು ಹುಟ್ಟಿದರು.

ಹಾಲೆಯ ಕನಸು ಬದಿಗೆ ಸರಿಯಿತು, ಆದರೆ ವೈದ್ಯಕೀಯ ನಿಲ್ಲಲಿಲ್ಲ. 1747ರಲ್ಲಿ ತಂದೆ ತೀರಿಕೊಂಡ ಮೇಲೆ ಅವರ ರೋಗಿಗಳು ಮಗಳ ಬಳಿಗೆ ಬರತೊಡಗಿದರು. ಬಡವರೂ ಬಂದರು, ಉಳ್ಳವರೂ ಬಂದರು. ಊರಿನ ಉಳಿದ ವೈದ್ಯರ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ? ಸಣ್ಣ ಊರು, ಸಿಗುವ ರೋಗಿಗಳು ಇಷ್ಟೇ. ಅದರಲ್ಲಿ ಪದವಿ ಇಲ್ಲದ ಹೆಂಗಸೊಬ್ಬರು ಪಾಲು ತೆಗೆದುಕೊಳ್ಳುತ್ತಿದ್ದಾರೆ. 1753ರ ದೂರಿನ ಹಿಂದೆ ರೋಗಿಗಳ ಸುರಕ್ಷತೆಯ ಕಾಳಜಿ ಎಷ್ಟಿತ್ತೋ, ಆದಾಯದ ಕಾಳಜಿಯೂ ಅಷ್ಟೇ ಇದ್ದಿರಬಹುದು.

ಹಾಗೆಂದು ದೂರು ಪೂರ್ತಿ ಸುಳ್ಳು ಎನ್ನುವಂತಿಲ್ಲ. ಕಾನೂನಿನ ಪ್ರಕಾರ ನೋಡಿದರೆ ಡೊರೊಥಿಯಾ ಬಳಿ ಪದವಿ ಇರಲಿಲ್ಲ, ಅದು ನಿಜ. ತಮಗೆ ವಿದ್ಯೆ ಇಲ್ಲ ಎಂಬ ಆರೋಪವನ್ನು ಮಾತ್ರ ಅವರು ಒಪ್ಪಲಿಲ್ಲ. 1741ರ ರಾಜಾನುಮತಿಯನ್ನು ನೆನಪಿಸಿ, ಪರೀಕ್ಷೆಗೆ ತಾನು ಸಿದ್ಧ ಎಂದು ಉತ್ತರ ಬರೆದರು. ಹೆರಿಗೆ ಹತ್ತಿರವಿದ್ದುದರಿಂದ ಸ್ವಲ್ಪ ಸಮಯ ಕೇಳಿದರು. ಹೆರಿಗೆ ಆಯಿತು. ಕೈಗೂಸನ್ನು ನೋಡಿಕೊಳ್ಳುತ್ತಲೇ ಪ್ರಬಂಧ ಬರೆದು, 1754ರ ಜನವರಿಯಲ್ಲಿ ಸಲ್ಲಿಸಿದರು.

ಬೇಗ ಗುಣವಾದರೆ ಸಾಕೇ?

ಈ ಪ್ರಬಂಧದ ವಿಷಯವೇ ಕುತೂಹಲಕರ. ರೋಗಿಯನ್ನು ತೀರಾ ಬೇಗ, ತೀರಾ ಹಿತವಾಗಿ ಗುಣಪಡಿಸಲು ಹೋಗುವುದರಿಂದ ಚಿಕಿತ್ಸೆ ಎಷ್ಟೋ ಸಲ ಅಪಾಯಕಾರಿಯಾಗುತ್ತದೆ ಎಂಬುದು ಅವರ ವಾದ.

ಇದರ ಹಿನ್ನೆಲೆಯಲ್ಲಿ ಒಂದು ಹಳೆಯ ಸೂತ್ರವಿದೆ. ಪ್ರಾಚೀನ ಗ್ರೀಕ್ ವೈದ್ಯ ಅಸ್ಕ್ಲಿಪಿಯಾಡಿಸ್ ಹೇಳಿದ್ದು ಎಂದು ರೋಮನ್ ಲೇಖಕ ಸೆಲ್ಸಸ್ ದಾಖಲಿಸಿರುವ ಪ್ರಕಾರ, ವೈದ್ಯನ ಚಿಕಿತ್ಸೆ ಸುರಕ್ಷಿತವಾಗಿರಬೇಕು, ಬೇಗ ಫಲ ಕೊಡಬೇಕು, ಹಿತವಾಗಿಯೂ ಇರಬೇಕು. ಯುರೋಪಿನ ವೈದ್ಯರು ಶತಮಾನಗಳ ಕಾಲ ಈ ಮೂರನ್ನೂ ಒಟ್ಟಿಗೆ ಹೇಳುತ್ತ ಬಂದರು. ಈ ಮೂರೂ ಯಾವಾಗಲೂ ಒಟ್ಟಿಗೆ ಸಿಗುತ್ತವೆಯೇ ಎಂಬುದು ಡೊರೊಥಿಯಾ ಪ್ರಶ್ನೆ. ಸಿಗದಿದ್ದಾಗ ಬಿಟ್ಟುಕೊಡಬೇಕಾದದ್ದು ಯಾವುದು? ಬೇಗ ಎಂಬುದನ್ನು ಬಿಡಬಹುದು, ಹಿತ ಎಂಬುದನ್ನೂ ಬಿಡಬಹುದು. ಸುರಕ್ಷತೆಯನ್ನು ಮಾತ್ರ ಬಿಡುವಂತಿಲ್ಲ.

ಅಂದಿನ ಚಿಕಿತ್ಸೆಯ ಪರಿಚಯವಿದ್ದರೆ ಈ ಮಾತಿನ ತೂಕ ತಿಳಿಯುತ್ತದೆ. ರೋಗಾಣುಗಳ ಬಗ್ಗೆ ಆಗ ಯಾರಿಗೂ ಗೊತ್ತಿರಲಿಲ್ಲ. ದೇಹದೊಳಗಿನ ಕೆಟ್ಟ ದ್ರವಗಳನ್ನು ಹೊರಹಾಕಿದರೆ ರೋಗ ಹೋಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅದಕ್ಕಾಗಿ ವಾಂತಿ ಮಾಡಿಸುವುದು, ಭೇದಿ ಮಾಡಿಸುವುದು, ಬೆವರಿಳಿಸುವುದು, ರಕ್ತ ತೆಗೆಯುವುದು ನಡೆಯುತ್ತಿತ್ತು. ನೋವು ತಡೆಯಲು ಅಫೀಮು ಇತ್ತು. ಅಫೀಮು ಕೊಟ್ಟರೆ ರೋಗಿ ಅರ್ಧ ಗಂಟೆಯಲ್ಲಿ ಶಾಂತವಾಗುತ್ತಾನೆ, ಮನೆಯವರು ವೈದ್ಯರನ್ನು ಹೊಗಳುತ್ತಾರೆ. ಆದರೆ ಒಳಗಿನ ರೋಗ ಹಾಗೇ ಬೆಳೆಯುತ್ತಿರುತ್ತದೆ.

ಹಾಲೆಯ ಹೆಸರಾಂತ ವೈದ್ಯ ಗಿಯೋರ್ಗ್ ಅರ್ನ್ಸ್ಟ್ ಸ್ಟಾಲ್ ಅವರ ಚಿಂತನೆಯಲ್ಲಿ, ಜ್ವರದಂಥ ಲಕ್ಷಣ ಎಷ್ಟೋ ಸಲ ದೇಹ ತಾನೇ ರೋಗದೊಂದಿಗೆ ನಡೆಸುವ ಹೋರಾಟ. ಅದನ್ನು ಅವಸರದಲ್ಲಿ ಅದುಮಿದರೆ ಕೆಡುಕೇ ಹೆಚ್ಚು. ಡೊರೊಥಿಯಾ ಪ್ರಬಂಧವೂ ಇದೇ ವಾತಾವರಣದಲ್ಲಿ ಹುಟ್ಟಿದ್ದು. ಯಾವ ಔಷಧ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಪಟ್ಟಿ ಮಾಡುವುದಕ್ಕಿಂತ, ಯಾವಾಗ ಕೊಡಬೇಕು, ಯಾರಿಗೆ ಕೊಡಬೇಕು, ಯಾವಾಗ ಕಾಯಬೇಕು ಎಂಬ ವಿವೇಕವೇ ಅಲ್ಲಿ ಮುಖ್ಯ.

ಈಗ 1753ರ ದೂರನ್ನು ಮತ್ತೆ ನೆನಪಿಸಿಕೊಳ್ಳಿ. ನಕಲಿ ವೈದ್ಯರನ್ನು ಜನ ಗುರುತಿಸುವುದೇ ‘ಒಂದೇ ದಿನದಲ್ಲಿ ವಾಸಿ, ಕಹಿ ಔಷಧವಿಲ್ಲ’ ಎಂಬಂಥ ಭರವಸೆಗಳಿಂದ. ಆ ಆರೋಪ ಹೊತ್ತ ಹೆಂಗಸು, ಅಂಥ ಭರವಸೆಗಳೇ ಅಪಾಯ ಎಂದು ಬರೆದರು. ಅಷ್ಟೇ ಅಲ್ಲ, ರೋಗಿಯನ್ನು ಮೆಚ್ಚಿಸಲು ಅವಸರಪಡುವ ಚಾಳಿ ಪದವಿ ಇದ್ದವರಲ್ಲೂ ಇರುತ್ತದೆ ಎಂಬ ಸೂಚನೆಯೂ ಆ ವಾದದೊಳಗೇ ಇದೆ.

ನಮ್ಮ ಊರಿನ ಕ್ಲಿನಿಕ್‌ಗಳಲ್ಲಿ ‘ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ, ನಾಳೆ ಕೆಲಸಕ್ಕೆ ಹೋಗಬೇಕು’ ಎನ್ನುವ ಮಾತು ಕೇಳದವರು ಯಾರು? ವೈರಲ್ ಜ್ವರಕ್ಕೂ ಆಂಟಿಬಯೋಟಿಕ್ ಕೇಳುವ ರೋಗಿ, ಕೊಡದಿದ್ದರೆ ಪಕ್ಕದ ಕ್ಲಿನಿಕ್‌ಗೆ ಹೋಗುತ್ತಾನೆ ಎಂದು ಬರೆದುಕೊಡುವ ವೈದ್ಯರು, ಇಬ್ಬರನ್ನೂ 270 ವರ್ಷಗಳ ಹಿಂದಿನ ಈ ಪ್ರಬಂಧ ಗುರುತಿಸುತ್ತದೆ. ಔಷಧಗಳು ಬದಲಾಗಿವೆ, ಅವಸರ ಬದಲಾಗಿಲ್ಲ.

ಲ್ಯಾಟಿನ್‌ನಲ್ಲಿ ಎರಡು ಗಂಟೆ

ಒಬ್ಬ ಹೆಂಗಸಿಗೆ ಪದವಿ ಕೊಡಬಹುದೇ? ಹಾಲೆಯ ವೈದ್ಯಕೀಯ ವಿಭಾಗಕ್ಕೆ ಇದು ಹೊಸ ಪ್ರಶ್ನೆ. ವಿಭಾಗದ ಹೊಣೆ ಹೊತ್ತಿದ್ದವರು ಪ್ರೊಫೆಸರ್ ಯೋಹಾನ್ ಯುಂಕರ್. ಕಾನೂನು ಹೆಂಗಸರನ್ನು ಸಾರ್ವಜನಿಕ ಹುದ್ದೆಗಳಿಂದ ದೂರವಿಟ್ಟಿದೆ ನಿಜ, ಆದರೆ ರೋಗಿಗೆ ಚಿಕಿತ್ಸೆ ನೀಡುವುದು ಅಂಥ ಹುದ್ದೆಯಲ್ಲ ಎಂಬ ದಾರಿಯಲ್ಲಿ ಅವರು ಯೋಚಿಸಿದರು. ರಾಜನ ಒಪ್ಪಿಗೆಯೂ ಮತ್ತೊಮ್ಮೆ ಸಿಕ್ಕಿತು.

ಯುಂಕರ್ ಬಗ್ಗೆ ಒಂದು ಮಾತು. ಹಾಲೆಯ ಪ್ರಸಿದ್ಧ ಅನಾಥಾಲಯದ ವೈದ್ಯರೂ ಅವರೇ. ಬಡ ರೋಗಿಗಳ ಹಾಸಿಗೆಯ ಪಕ್ಕದಲ್ಲೇ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಪದ್ಧತಿ ಅಲ್ಲಿತ್ತು. ಈ ಅನಾಥಾಲಯಕ್ಕೆ ಭಾರತದ ನಂಟೂ ಇದೆ. ತಮಿಳುನಾಡು ಕರಾವಳಿಯ ತರಂಗಂಬಾಡಿಗೆ 1706ರಿಂದ ಬಂದ ಜರ್ಮನ್ ಮಿಷನರಿಗಳಿಗೆ ಹಾಲೆಯೇ ಬೆನ್ನೆಲುಬು. ಅಲ್ಲಿನ ಔಷಧಾಲಯದಲ್ಲಿ ತಯಾರಾದ ಮದ್ದುಗಳು ಹಡಗಿನಲ್ಲಿ ತರಂಗಂಬಾಡಿಯವರೆಗೂ ಬರುತ್ತಿದ್ದವು.

1754ರ ಮೇ 6ರಂದು ಡೊರೊಥಿಯಾ ಪರೀಕ್ಷೆಗೆ ಕುಳಿತರು. ಎರಡು ಗಂಟೆ ಕಾಲ ಮೌಖಿಕ ಪರೀಕ್ಷೆ, ಪ್ರಶ್ನೆಯೂ ಲ್ಯಾಟಿನ್, ಉತ್ತರವೂ ಲ್ಯಾಟಿನ್. ವಿಶ್ವವಿದ್ಯಾಲಯದ ತರಗತಿಯಲ್ಲಿ ಒಂದು ದಿನವೂ ಕೂರದ ಹೆಂಗಸು ಪ್ರತಿ ಪ್ರಶ್ನೆಗೂ ಉತ್ತರ ಕೊಟ್ಟ ರೀತಿಗೆ ಪರೀಕ್ಷಕರು ತಲೆದೂಗಿದರು. ಜೂನ್ 12ರಂದು ಯುಂಕರ್ ಅವರ ಮನೆಯಲ್ಲಿ ಪದವಿ ಪ್ರದಾನ ನಡೆಯಿತು. ಡೊರೊಥಿಯಾ ವೈದ್ಯರ ಪ್ರಮಾಣವಚನ ಸ್ವೀಕರಿಸಿದರು. ಮೂವರು ವೈದ್ಯರ ದೂರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿರಲಿಲ್ಲ.

ಮರುವರ್ಷ ಅವರು ತಮ್ಮ ಲ್ಯಾಟಿನ್ ಪ್ರಬಂಧವನ್ನು ತಾವೇ ಜರ್ಮನ್ ಭಾಷೆಗೆ ತಂದು ಪ್ರಕಟಿಸಿದರು. ಲ್ಯಾಟಿನ್ ಬಲ್ಲವರು ಕೆಲವೇ ಮಂದಿ, ಅವರಲ್ಲಿ ಹೆಂಗಸರು ಇನ್ನೂ ಕಡಿಮೆ. ಚಿಕಿತ್ಸೆ ಪಡೆಯುವವರಿಗೂ ಚಿಕಿತ್ಸೆಯ ಬಗ್ಗೆ ತಿಳಿಯಬೇಕು ಎಂಬ ಮನಸ್ಸು ಇದರಲ್ಲಿ ಕಾಣುತ್ತದೆ.

ಎಂಟು ವರ್ಷದ ಡಾಕ್ಟರ್

ಪದವಿ ಪಡೆದ ಮೇಲೆ ಡೊರೊಥಿಯಾ ಕ್ವೆಡ್ಲಿನ್‌ಬರ್ಗ್‌ಗೆ ಮರಳಿ ಮೊದಲಿನಂತೆಯೇ ರೋಗಿಗಳನ್ನು ನೋಡಿದರು. ವ್ಯತ್ಯಾಸ ಇಷ್ಟೇ, ಈಗ ಯಾರೂ ದೂರು ಕೊಡುವಂತಿರಲಿಲ್ಲ. 1762ರ ಜೂನ್ 13ರಂದು ಸ್ತನ ಕ್ಯಾನ್ಸರ್‌ನಿಂದ ಅವರು ತೀರಿಕೊಂಡರು. ಆಗ ವಯಸ್ಸು 46. ಪದವಿ ಪಡೆದು ಎಂಟು ವರ್ಷ ಒಂದು ದಿನವಾಗಿತ್ತು.

ಅವರ ಹಿರಿಯ ಮಗ ಯೋಹಾನ್ ಕ್ರಿಸ್ಟಿಯಾನ್ ಪಾಲಿಕಾರ್ಪ್ ಎರ್ಕ್ಸ್ಲೆಬೆನ್ ಗ್ಯೋಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. 1771ರಲ್ಲಿ ಅಲ್ಲಿ ಪಶುವೈದ್ಯಕೀಯ ಶಿಕ್ಷಣ ಸಂಸ್ಥೆ ಆರಂಭಿಸಿದರು. ಅವರು ಬರೆದ ಭೌತಶಾಸ್ತ್ರದ ಪಠ್ಯಪುಸ್ತಕ ಅವರ ನಂತರವೂ ಬಹುಕಾಲ ಬಳಕೆಯಲ್ಲಿತ್ತು. ಮಗನಿಗೆ ವಿಶ್ವವಿದ್ಯಾಲಯದ ಬಾಗಿಲು ತಾನಾಗಿಯೇ ತೆರೆದಿತ್ತು.

ಬಾಗಿಲು ಮತ್ತೆ ಮುಚ್ಚಿತು

ಡೊರೊಥಿಯಾ ನಂತರ ಏನಾಯಿತು? ಒಬ್ಬರ ಹಿಂದೆ ಇನ್ನೊಬ್ಬರು ಬರಬೇಕಿತ್ತು, ಬರಲಿಲ್ಲ. ಬಂದವರೂ ಒಬ್ಬೊಬ್ಬರಾಗಿ, ಅಪರೂಪಕ್ಕೆ ಬಂದರು.

1787ರಲ್ಲಿ ಗ್ಯೋಟಿಂಗೆನ್ ವಿಶ್ವವಿದ್ಯಾಲಯ 17 ವರ್ಷದ ಡೊರೊಥಿಯಾ ಶ್ಲ್ಯೋಟ್ಸರ್ ಅವರಿಗೆ ತತ್ವಶಾಸ್ತ್ರದ ಡಾಕ್ಟರೇಟ್ ನೀಡಿತು. ಆದರೆ ಮದುವೆಯಾಗದ ಹುಡುಗಿ ಎಂಬ ಕಾರಣಕ್ಕೆ ಸಮಾರಂಭದ ಒಳಗೆ ಅವರಿಗೆ ಪ್ರವೇಶವಿರಲಿಲ್ಲ. ಕಿಟಕಿಯಿಂದ ನೋಡಬೇಕಾಯಿತು. 1817ರಲ್ಲಿ ಗೀಸೆನ್ ವಿಶ್ವವಿದ್ಯಾಲಯ ಷಾರ್ಲೊಟ್ ಫಾನ್ ಸೀಬೋಲ್ಡ್ ಅವರಿಗೆ ಹೆರಿಗೆ ಶಾಸ್ತ್ರದಲ್ಲಿ ಡಾಕ್ಟರೇಟ್ ಕೊಟ್ಟಿತು. 1819ರಲ್ಲಿ ಲಂಡನ್‌ನಲ್ಲಿ, ಮುಂದೆ ಬ್ರಿಟನ್ನಿನ ರಾಣಿಯಾದ ವಿಕ್ಟೋರಿಯಾ ಹುಟ್ಟಿದಾಗ ಹೆರಿಗೆ ಮಾಡಿಸಿದವರು ಇವರೇ.

ಈ ಮೂವರಲ್ಲೂ ಒಂದು ಸಾಮ್ಯವಿದೆ. ಮೂವರೂ ವಿದ್ಯಾವಂತ ತಂದೆ ತಾಯಿಯ ಮಕ್ಕಳು, ಮೂವರೂ ಮನೆಯಲ್ಲಿ ಕಲಿತವರು. ಯಾರ ಪದವಿಯಿಂದಲೂ ನಿಯಮ ಬದಲಾಗಲಿಲ್ಲ. ಡೊರೊಥಿಯಾಗೆ ಸಿಕ್ಕಿದ್ದು ರಾಜನ ವಿಶೇಷ ಅನುಮತಿ. ವಿಶೇಷ ಅನುಮತಿ ಒಬ್ಬರಿಗೆ ಮಾತ್ರ ಅನ್ವಯಿಸುತ್ತದೆ, ಅವರ ಹಿಂದೆ ನಿಂತವರಿಗಲ್ಲ. ಮುಂದಿನ ಹುಡುಗಿ ಮತ್ತೆ ಮೊದಲಿನಿಂದ ಅರ್ಜಿ ಬರೆಯಬೇಕು.

ಅದರ ಫಲ 19ನೇ ಶತಮಾನದ ಕೊನೆಯಲ್ಲಿ ಎದ್ದು ಕಂಡಿತು. ಫ್ರಾನ್ಸಿಸ್ಕಾ ಟಿಬುರ್ಟಿಯಸ್ ಎಂಬ ಜರ್ಮನ್ ಯುವತಿ ತನ್ನ ದೇಶದಲ್ಲಿ ಅವಕಾಶವಿಲ್ಲದೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಹೋಗಿ 1876ರಲ್ಲಿ ಡಾಕ್ಟರೇಟ್ ಪಡೆದರು. ಗೆಳತಿ ಎಮಿಲಿ ಲೆಹ್ಮಸ್ ಜೊತೆ 1877ರಲ್ಲಿ ಬರ್ಲಿನ್‌ನಲ್ಲಿ ಬಡ ಹೆಂಗಸರಿಗಾಗಿ ಕ್ಲಿನಿಕ್ ತೆರೆದರು. ಆದರೆ ಜರ್ಮನಿ ಅವರನ್ನು ವೈದ್ಯರೆಂದು ಒಪ್ಪಲಿಲ್ಲ. ಫಲಕದಲ್ಲಿ ಜ್ಯೂರಿಕ್‌ನ ಡಾಕ್ಟರ್ ಎಂದು ಬರೆದುಕೊಳ್ಳಬೇಕಾಯಿತು. ಕಾನೂನಿನ ಕಣ್ಣಿಗೆ ಅವರು ಪರವಾನಗಿ ಇಲ್ಲದ ನಾಟಿ ವೈದ್ಯರ ಸಾಲಿನವರು. ಡೊರೊಥಿಯಾ ಮೇಲಿದ್ದ ಅದೇ ಆರೋಪ, ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ, ವಿಶ್ವವಿದ್ಯಾಲಯದಲ್ಲೇ ಓದಿ ಬಂದವರ ಮೇಲೆ!

ನಮ್ಮಲ್ಲಿ 1886ರಲ್ಲಿ ಆನಂದಿಬಾಯಿ ಜೋಶಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವೈದ್ಯಕೀಯ ಪದವಿ ಪಡೆದಾಗ, ಅದೇ ವರ್ಷ ಕಾದಂಬಿನಿ ಗಂಗೂಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನಿಂದ ಹೊರಬಂದಾಗ, ಜರ್ಮನಿಯ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ವಿದ್ಯಾರ್ಥಿಗಳಾಗಿ ದಾಖಲಿಸಿಕೊಳ್ಳುತ್ತಿರಲಿಲ್ಲ ಎಂಬುದನ್ನು ನೆನಪಿಡಬೇಕು.

ನಿಯಮ ಬದಲಾದದ್ದು 1899ರಲ್ಲಿ. ಆ ವರ್ಷ ಜರ್ಮನಿಯಲ್ಲಿ ಮಹಿಳೆಯರಿಗೆ ವೈದ್ಯರ ಸರ್ಕಾರಿ ಪರೀಕ್ಷೆ ಬರೆಯಲು ಅವಕಾಶ ಸಿಕ್ಕಿತು. 1900ರಲ್ಲಿ ಬಾಡೆನ್ ರಾಜ್ಯ ವಿಶ್ವವಿದ್ಯಾಲಯದ ಬಾಗಿಲು ತೆರೆಯಿತು. 1901ರಲ್ಲಿ ಇಡಾ ಡೆಮೊಹ್ ಎಂಬವರು ಜರ್ಮನಿಯಲ್ಲೇ ವೈದ್ಯಕೀಯ ಪರವಾನಗಿ ಪಡೆದ ಮೊದಲ ಮಹಿಳೆಯಾದರು. ಅವರು ಪರೀಕ್ಷೆ ಮುಗಿಸಿದ್ದು ಹಾಲೆಯಲ್ಲೇ. ಡೊರೊಥಿಯಾ ಕಾಲದಿಂದ 147 ವರ್ಷ ಕಳೆದಿತ್ತು. ಡೊರೊಥಿಯಾಗೆ ಅನುಮತಿ ಕೊಟ್ಟಿದ್ದ ಪ್ರಷ್ಯ ಎಲ್ಲ ಹೆಣ್ಣುಮಕ್ಕಳಿಗೂ ವಿಶ್ವವಿದ್ಯಾಲಯ ತೆರೆದದ್ದು 1908ರಲ್ಲಿ, ಎಲ್ಲರಿಗಿಂತ ತಡವಾಗಿ ತೆರೆದವರ ಸಾಲಿನಲ್ಲಿ.

ಇಂದು ಉಳಿದಿರುವುದು

ಕ್ವೆಡ್ಲಿನ್‌ಬರ್ಗ್ ಈಗ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಮರದ ಚೌಕಟ್ಟಿನ ಹಳೆಯ ಮನೆಗಳನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಅಲ್ಲಿನ ಆಸ್ಪತ್ರೆಗೆ ಡೊರೊಥಿಯಾ ಎರ್ಕ್ಸ್ಲೆಬೆನ್ ಅವರ ಹೆಸರಿದೆ. ಯಾವ ಊರಿನಲ್ಲಿ ಆಕೆ ಚಿಕಿತ್ಸೆ ಕೊಡಬಾರದು ಎಂದು ದೂರು ಹೋಗಿತ್ತೋ, ಆ ಊರಿನ ರೋಗಿಗಳು ಇಂದು ಆಕೆಯ ಹೆಸರಿನ ಬಾಗಿಲಿನಿಂದಲೇ ಒಳಗೆ ಹೋಗುತ್ತಾರೆ. 1980ರ ದಶಕದಲ್ಲಿ ಅವರ ಅಂಚೆಚೀಟಿ ಬಂತು. 2015ರಲ್ಲಿ 300ನೇ ಜನ್ಮದಿನದಂದು ಗೂಗಲ್ ಡೂಡಲ್ ಮೂಲಕ ಅವರನ್ನು ನೆನೆಯಿತು.

ಇವೆಲ್ಲ ಒಳ್ಳೆಯದೇ. ಆದರೆ ಡೊರೊಥಿಯಾ ತಮಗೆ ಗೌರವ ಕೊಡಿ ಎಂದು ಕೇಳಿದವರಲ್ಲ. 1742ರ ಪುಸ್ತಕದಲ್ಲಿ ಅವರು ಹುಡುಕಿದ್ದು ತನ್ನೊಬ್ಬಳ ದಾರಿಯನ್ನಲ್ಲ, ಎಲ್ಲ ಹೆಂಗಸರನ್ನೂ ತಡೆದಿದ್ದ ಕಾರಣಗಳನ್ನು. ಅಧಿಕಾರಿಗಳು ಅವರಿಗೆ ದಾರಿ ಬಿಟ್ಟರು, ಕಾರಣಗಳನ್ನು ಹಾಗೇ ಉಳಿಸಿಕೊಂಡರು. ಲಕ್ಷಣಕ್ಕೆ ಮದ್ದು ಕೊಟ್ಟು ರೋಗವನ್ನು ಬಿಟ್ಟರೆ ಏನಾಗುತ್ತದೆ ಎಂದು ಅವರೇ ತಮ್ಮ ಪ್ರಬಂಧದಲ್ಲಿ ಬರೆದಿದ್ದರು. ಅವರ ನಂತರದ 147 ವರ್ಷ ಅದಕ್ಕೆ ಸಾಕ್ಷಿ.